ಸುನ್‌ಹಾಂಗ್‌ನ ಕಣ್ಣುಗಳು

"ನೀರು ಇನ್ನೂ ಕುದಿ ಬಂದಿಲ್ಲ, ಸಾಹೇಬ್ರೆ. ಅರೆಗುದಿಗೆ ಎಲೆ ಹಾಕಿದ್ರೆ ಚಹಾನೂ ಕೆಡುತ್ತೆ, ನಿಮ್ಮ ನ್ಯಾಯಾನೂ ಕೆಡುತ್ತೆ."

ಹಡಗು ಕಟ್ಟುವ ಧಕ್ಕೆಯ ಕಲ್ಲುಹಾಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ನನ್ನ ಅತ್ತೆ, ಮಣ್ಣಿನ ಪುಟ್ಟ ಒಲೆಗೆ ಬೀಸಣಿಗೆ ಬೀಸುತ್ತ ಹೇಳಿದಳು. ಬಂದರು ಠಾಣೆಯ ಅಧಿಕಾರಿ ದೆಂಗ್ ಬೂಟುಗಾಲನ್ನು ಕಲ್ಲಿಗೆ ಕುಟ್ಟಿದ. ಅವನು ಫೂಚೌ ಕಡೆಯವನು, ನೌಕಾದಳದವನು. ನಮ್ಮ ಅಮೊಯ್ ಬಂದರಿನ ಜನರ ನಿಧಾನ ಅವನಿಗೆ ಎಂದೂ ಒಗ್ಗಿದ್ದಿಲ್ಲ.

"ಚುವಾ ಅಮ್ಮಾವ್ರೆ, ನಾನಿಲ್ಲಿ ಚಹಾ ಕುಡಿಯೋಕೆ ಬಂದಿಲ್ಲ. ನೀರು ಏರ್ತಿದೆ ನೋಡಿ."

"ಏರ್ಲಿ ಬಿಡಿ. ಎರಡೂ ನೀರೇ. ಯಾವುದು ಮೊದಲು ಮೇಲೆ ಬರುತ್ತೋ ನೋಡೋಣ."

ಮೆಟ್ಟಿಲುಗಳ ಮೇಲೆ ಕಿಕ್ಕಿರಿದಿದ್ದ ಹಮಾಲರು ಗೊಳ್ಳೆಂದು ನಕ್ಕರು. ನಗದೆ ಇದ್ದವನು ಒಬ್ಬನೇ. ಇಬ್ಬರು ಸಿಪಾಯಿಗಳ ನಡುವೆ ಕೈಕೋಳ ತೊಟ್ಟು ನಿಂತಿದ್ದ ತಾನ್ ಬೂ-ಲಾಯ್, ಈ ಧಕ್ಕೆಯ ಯಜಮಾನ.

ಹಿಂದಿನ ದಿನ ನಸುಕಿನಲ್ಲಿ ಅವನ ಧಕ್ಕೆಗೇ ಕಟ್ಟಿದ್ದ ಹಡಗೊಂದರ ಹೊಟ್ಟೆಯೊಳಗೆ, ಚಹಾ ಪೆಟ್ಟಿಗೆಗಳ ಅಡಿಯಲ್ಲಿ ಬಂದೂಕುಗಳು ಸಿಕ್ಕಿದ್ದವು. ಹಡಗಿನ ಹಿಂಬದಿಯಲ್ಲಿ ದೊಡ್ಡದಾಗಿ ಬರೆದಿದ್ದ ಹೆಸರು: ಸುನ್‌ಹಾಂಗ್. ಎರಡು ವರ್ಷದ ಹಿಂದೆ ಬಿರುಗಾಳಿಗೆ ಸಿಕ್ಕಿ, ಅದನ್ನು ನಡೆಸುವ ತಾಂಡೇಲನಾಗಿದ್ದ ಒಬ್ಬನೇ ಮಗ ಹಾಯ್-ಸೆಂಗ್‌ನನ್ನೂ ಕರೆದುಕೊಂಡು ಮುಳುಗಿತೆಂದು ಯಜಮಾನ ಎದೆ ಬಡಿದುಕೊಂಡು ಅತ್ತಿದ್ದ ಹಡಗು.

"ಅತ್ತಿದ್ದು ನಾಟಕ. ಹಡಗು ಬಚ್ಚಿಟ್ಟು ಬಂದೂಕು ಸಾಗಿಸ್ತಿದ್ದ," ಎಂದು ದೂರು ಕೊಟ್ಟವರು ಪಕ್ಕದ ಗೋದಾಮಿನ ಹಾರ್ಲ್ಯಾಂಡ್ ಕಂಪನಿಯವರು. ಇದು ತನ್ನ ಹಡಗೇ ಅಲ್ಲವೆಂದು ಯಜಮಾನ ಎಷ್ಟು ಕೂಗಿದರೂ ಯಾರೂ ಕಿವಿಗೊಟ್ಟಿರಲಿಲ್ಲ.

ಭರತದ ನೀರು ಏರಿ ಹಡಗು ಕೆಸರಿನಿಂದ ಮೇಲೆದ್ದ ಕೂಡಲೇ, ಅದನ್ನೂ ಯಜಮಾನನನ್ನೂ ಕೋಟೆಗೆ ಒಯ್ಯಬೇಕೆಂದು ಆಜ್ಞೆಯಾಗಿತ್ತು. ಬಂದೂಕಿನ ಕಳ್ಳರನ್ನು ಕೋಟೆಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸುತ್ತಾರೆ, ಅಷ್ಟೆ, ವಿಚಾರಣೆ ಎಂಬುದಿಲ್ಲ. ಅಪರಾಧಿಯ ಧಕ್ಕೆಯೂ ಉಳಿಯುವುದಿಲ್ಲ. ಅದಕ್ಕಾಗಿ ಕಂಪನಿ ಎಷ್ಟು ವರ್ಷಗಳಿಂದ ಬಾಯಿ ಬಿಟ್ಟುಕೊಂಡಿತ್ತೆಂದು ಬಂದರಿನ ಬೆಕ್ಕಿಗೂ ಗೊತ್ತಿತ್ತು.

ಕಂಪನಿಯ ಮ್ಯಾನೇಜರ್ ಹಾರ್ಲ್ಯಾಂಡ್ ಬಿಳಿ ಕೊಡೆಯ ಕೆಳಗೆ ನಿಂತಿದ್ದ. ಅವನ ಪಕ್ಕದಲ್ಲಿ ಅವನ ದಲ್ಲಾಳಿ ಓಂಗ್ ಸಿಯೆನ್-ತೆಕ್: ಬಿಳಿ ಸೂಟು, ಹುಲ್ಲಿನ ಟೋಪಿ, ಬಂಗಾರದ ಹಲ್ಲು, ಸೊಂಟದ ಸರಪಳಿಗೆ ನೇತಾಡುವ ಒಂಟಿ ಬೀಗದಕೈ. ಕಂಪನಿ ನಮ್ಮ ಊರಿನಲ್ಲಿ ಕೊಂಡದ್ದೂ ಮಾರಿದ್ದೂ ಎಲ್ಲ ಅವನ ಕೈಯಿಂದಲೇ.

ಹಾರ್ಲ್ಯಾಂಡ್ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಕುಲಾಂಗ್ಸು ದ್ವೀಪದ ಮಿಷನ್ ಶಾಲೆಯಲ್ಲಿ ಓದಿದ ನಾನು ಅತ್ತೆಗೆ ದುಭಾಷಿ. ಅತ್ತೆ ಹಿಂದೆ ಸುಂಕದ ಕಟ್ಟೆಯಲ್ಲಿ ಹೆಂಗಸರ ತಪಾಸಣೆ ಮಾಡುತ್ತಿದ್ದವಳು. ಜಡೆಯೊಳಗೆ, ಪಾದರಕ್ಷೆಯೊಳಗೆ, ಕೂಸಿನ ಹೊದಿಕೆಯೊಳಗೆ ಏನು ಬಚ್ಚಿಟ್ಟರೂ ಮುಖ ನೋಡಿಯೇ ಹೇಳಿಬಿಡುತ್ತಿದ್ದಳು. ಈಗ ಊರಿನವರ ಕಷ್ಟ ಬಿಡಿಸುವುದೇ ಅವಳ ಕಸುಬು. ಆದರೆ ಇಂಗ್ಲಿಷು ಮಾತ್ರ ಒಂದಕ್ಷರ ಬಾರದು.

"ಏನಂತೆ?" ಎಂದಳು.

"ನಾವು ಬರೋಕೆ ಮುಂಚೆ ಈ ಊರಲ್ಲಿ ಕೆಸರು ಬಿಟ್ಟು ಏನಿತ್ತು ಅಂತ ಕೇಳ್ತಿದಾರೆ, ಅತ್ತೆ."

ಅತ್ತೆ ಬಾಯಿ ತೆರೆಯುವ ಮೊದಲೇ ತಾನ್ ಯಜಮಾನ ಗುಡುಗಿದ. "ಹೇಳಮ್ಮ ಅವನಿಗೆ! ಅವನು ನಿಂತಿರೋ ಕಲ್ಲು ಎಲ್ಲಿಂದ ಬಂತು ಕೇಳು. ಅವರಜ್ಜಂದಿರ ಫಿರಂಗಿ ಒಡೆದುಹಾಕಿದ ಹಳೇ ಕೋಟೆ ಕಲ್ಲು ಅದು. ಒಡೆದಿದ್ದನ್ನ ನಮ್ಮಜ್ಜ ಹೆಗಲ ಮೇಲೆ ಹೊತ್ತು ತಂದು ಧಕ್ಕೆ ಕಟ್ಟಿದ. ಇಲ್ಲಿಂದ ಚಹಾ ಹೋಯ್ತು, ಇಲ್ಲಿಗೆ ಅಫೀಮು ಬಂತು, ಆಮೇಲೆ ನಮ್ಮ ಹುಡುಗರೇ ಸರಕಾಗಿ ದಕ್ಷಿಣದ ತೋಟಗಳಿಗೆ ಹೋದ್ರು. ಎಲ್ಲ ನೋಡಿದೆ ಈ ಕಲ್ಲು. ಕೆಸರಂತೆ ಕೆಸರು!"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಗುಡುಗು ಮಾತ್ರ ಬರಲಿಲ್ಲ.

ನೀರು ಕುದಿಯಿತು.

ಹಡಗಿನಲ್ಲಿ ಸಿಕ್ಕ ಪೆಟ್ಟಿಗೆಯೊಂದರಿಂದ ಅತ್ತೆ ಒಂದು ಹಿಡಿ ಎಲೆ ತೆಗೆದು ಪುಟ್ಟ ಕೆಂಪು ಪಾತ್ರೆಗೆ ಹಾಕಿದಳು. ಮೊದಲ ನೀರನ್ನು ಚೆಲ್ಲಿದಳು. ಎರಡನೆಯದನ್ನು ಬೆರಳ ತುದಿಯಷ್ಟಿರುವ ಬಟ್ಟಲುಗಳಿಗೆ ಸುತ್ತುಸುತ್ತಾಗಿ ಬಗ್ಗಿಸಿದಳು.

"ಓಂಗ್ ದಣಿ, ಮೊದಲು ನೀವೇ. ಅಮೊಯ್‌ನಲ್ಲಿ ನಿಮ್ಮ ಮೂಗಿಗಿಂತ ದೊಡ್ಡ ಮೂಗಿಲ್ಲ."

"ದೊಡ್ಡದಲ್ಲ, ಒಳ್ಳೇದು ಅನ್ನಿ," ಎಂದು ಓಂಗ್ ನಕ್ಕ. ಬಟ್ಟಲನ್ನು ಗತ್ತಿನಿಂದ ಎತ್ತಿ ಮೂಗಿನ ಹತ್ತಿರ ತಂದ.

ಅವನ ಮುಖ ಹಿಂಡಿಕೊಂಡಿತು. ಕ್ಷಣಮಾತ್ರ. ಆಮೇಲೆ ಅವನು ಮೊದಲಿನಂತೆಯೇ ನಕ್ಕ. ಆದರೆ ಅಷ್ಟರಲ್ಲಿ ಇನ್ನೊಂದು ಬಟ್ಟಲನ್ನು ಬಾಯಿಗೆ ಸುರಿದುಕೊಂಡಿದ್ದ ಸಿಪಾಯಿಯೊಬ್ಬ ಥೂ ಎಂದು ಉಗಿದು ಕೂಗಿಕೊಂಡ.

"ಒಣಮೀನು! ಇದೇನು ಚಹಾನಾ, ಮೀನು ತೊಳೆದ ನೀರಾ?"

"ಕೇಳಿದ್ರಾ ಸಾಹೇಬ್ರೆ?" ಅತ್ತೆ ದೆಂಗ್‌ನ ಕೈಗೂ ಒಂದು ಬಟ್ಟಲು ಕೊಟ್ಟಳು. "ಚಹಾ ಎಲೆ ಹೊಸ ಸೊಸೆ ಇದ್ದಂಗೆ, ಮನೇಲಿರೋ ವಾಸನೆಯೆಲ್ಲ ಹೀರ್ಕೊಳ್ಳುತ್ತೆ. ಮೂರು ತಲೆಮಾರು ಚಹಾ ಸಾಗಿಸಿದ ಮನೆಯವರು ತಮ್ಮ ಹಡಗಿನ ಹೊಟ್ಟೆಗೆ ಒಂದೇ ಒಂದು ಮೀನು ಇಳಿಸ್ತಾರಾ? ಇದು ಚಹಾದ ಹಡಗಲ್ಲ. ಮೀನಿನ ಹಡಗು."

ಹಮಾಲರಲ್ಲಿ ಗುಜುಗುಜು ಎದ್ದಿತು. ಓಂಗ್ ಬಟ್ಟಲನ್ನು ಮೆಲ್ಲನೆ ಕಲ್ಲಿನ ಮೇಲಿಟ್ಟ.

"ಎರಡು ವರ್ಷ ಕದ್ದು ಇಟ್ಟ ಹಡಗು. ಮೀನೂ ಸಾಗಿಸಿದಾನೆ, ಬಂದೂಕೂ ಸಾಗಿಸಿದಾನೆ. ಕಳ್ಳನಿಗೆ ಮಡಿ ಎಲ್ಲಿಂದ ಬರಬೇಕು, ಅಮ್ಮಾವ್ರೆ?"

"ನನ್ನ ಹಡಗಲ್ಲಿ ಮೀನಾ?" ಯಜಮಾನ ಕೈಕೋಳವನ್ನು ಜಗ್ಗಿದ. "ಬಿಚ್ರೋ ಇದನ್ನ! ಒಂದು ಸಲ ಬಿಚ್ಚಿ, ಸಾಕು!"

ದೆಂಗ್ ಗಡ್ಡ ಕೆರೆದುಕೊಂಡ. "ಓಂಗ್ ಹೇಳೋದೂ ಆಗಬಹುದು. ಬರೀ ವಾಸನೆ ಹಿಡ್ಕೊಂಡು ನಾನು ಮೇಲಿನವರಿಗೆ ಏನು ಹೇಳ್ಲಿ?"

"ಹಾಗಾದ್ರೆ ಕೆಳಗೆ ಬನ್ನಿ. ಹಡಗನ್ನೇ ಕೇಳೋಣ."

ಅತ್ತೆ ಪಾಯಜಾಮವನ್ನು ಮೊಣಕಾಲ ಮೇಲಕ್ಕೆ ಸುತ್ತಿಕೊಂಡು ಕೆಸರಿಗೆ ಇಳಿದೇಬಿಟ್ಟಳು. ದೆಂಗ್ ತನ್ನ ಹೊಳೆಯುವ ಬೂಟುಗಳನ್ನು ಒಮ್ಮೆ ನೋಡಿಕೊಂಡು, ನಿಟ್ಟುಸಿರು ಬಿಟ್ಟು ಹಿಂಬಾಲಿಸಿದ. ಹಡಗಿನ ಹಸಿರು ಮೂತಿ ನಮ್ಮ ತಲೆಯ ಮೇಲೆ ನಿಂತಿತ್ತು. ಅದರ ಎರಡೂ ಕೆನ್ನೆಗಳಲ್ಲಿ ಮರದಲ್ಲಿ ಕೆತ್ತಿ ಬಡಿದ ದುಂಡು ಕಣ್ಣುಗಳು, ಬಿಳಿಯ ನಡುವೆ ಕಪ್ಪು ಗುಡ್ಡೆ, ದೂರದ ಕಡಲಂಚನ್ನೇ ದಿಟ್ಟಿಸುತ್ತಿದ್ದವು.

"ನೀವು ಹಬೆ ಹಡಗಿನವರು, ಗೊತ್ತಿರಲಿಕ್ಕಿಲ್ಲ," ಎಂದಳು ಅತ್ತೆ. "ಸರಕಿನ ಹಡಗಿನ ಕಣ್ಣು ಹೀಗೇ ಇರುತ್ತೆ. ಎತ್ತರದಲ್ಲಿ ಕೂತು ದಾರಿ ನೋಡುತ್ತೆ. ಮೀನು ಹಿಡಿಯೋ ಹಡಗಿಗೆ ದಾರಿ ಯಾಕೆ ಬೇಕು? ಅದರ ಕಣ್ಣು ತಗ್ಗಲ್ಲಿರುತ್ತೆ, ಗುಡ್ಡೆ ಕೆಳಮುಖ. ನೀರನ್ನೇ ನೋಡ್ತಿರುತ್ತೆ."

"ಇದು ಮೇಲೇ ಇದೆಯಲ್ಲ?"

ಅತ್ತೆ ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಆ ಕಣ್ಣಿನ ಕೆಳಗಿನ ಹಲಗೆಯನ್ನು ತಿಕ್ಕತೊಡಗಿದಳು. ಹಸಿರು ಬಣ್ಣ ಎಳೆಯ ಸೊಪ್ಪಿನ ರಸದಂತೆ ಕರಗಿ ಅವಳ ಮುಂಗೈಗೆ ಇಳಿಯಿತು. ತಿಕ್ಕಿದಳು, ಮತ್ತೂ ತಿಕ್ಕಿದಳು.

ಬಣ್ಣದಡಿಯಿಂದ ನಿಧಾನವಾಗಿ ಒಂದು ಬಿಳಿಚಿದ ವೃತ್ತ ಮೂಡಿತು. ವರ್ಷಾನುಗಟ್ಟಲೆ ಬಿಸಿಲು ಕಾಣದೆ ಉಳಿದ ಮರ. ಅದರೊಳಗೆ ಮೂರು ಮೊಳೆಯ ತೂತುಗಳು, ಮೇಣ ತುಂಬಿ ಮುಚ್ಚಿದ್ದವು.

ನನಗೆ ಮೈ ಜುಮ್ಮೆಂದಿತು. ರೆಪ್ಪೆಯ ಹಿಂದೆ ಯಾರೋ ನಮ್ಮನ್ನು ನೋಡುತ್ತಿದ್ದಂತೆ.

"ಇಲ್ಲೊಂದು ಕಣ್ಣಿತ್ತು," ಎಂದಳು ಅತ್ತೆ. "ಕಿತ್ತು ಮೇಲೆ ಹೊಸದು ಬಡಿದಿದಾರೆ."

ಮೇಲಿನಿಂದ ಓಂಗ್ ಬಗ್ಗಿ ನೋಡಿದ. "ಹಳೇ ಹಡಗಿಗೆ ಕಲೆ ಇರಲ್ವಾ? ನನ್ನ ಬೆನ್ನ ಮೇಲೂ ಒಂದಿದೆ, ತೋರಿಸ್ಲಾ?"

ಈ ಸಲ ಜನ ಅವನ ಮಾತಿಗೆ ನಕ್ಕರು. ದೆಂಗ್ ಕೆಸರಿನಿಂದ ಬೂಟು ಕಿತ್ತುಕೊಳ್ಳುತ್ತ ತಲೆಯಾಡಿಸಿದ. "ಕಲೆ ಸಾಲದು, ಅಮ್ಮಾವ್ರೆ. ಕಿತ್ತ ಕಣ್ಣು ಎಲ್ಲಿ? ಅದನ್ನ ತೋರಿಸಿ, ಈಗಲೇ ಕೋಳ ಬಿಚ್ಚಿಸ್ತೀನಿ. ಇಲ್ಲಾಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ."

ಮೊದಲ ಅಲೆಯ ನೊರೆ ಆಗಲೇ ನಮ್ಮ ಕಾಲ್ಬೆರಳು ನೆಕ್ಕುತ್ತಿತ್ತು.

ಅತ್ತೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. 

ಹಿಂದಿನ ಸಂಜೆ, ಗಂಜಿ ಕುಡಿಯುತ್ತ ಕೂತಿದ್ದಾಗ ನಾನು ಸುಮ್ಮನೆ ಒಂದು ಮಾತು ಹೇಳಿದ್ದೆ. ಕಂಪನಿಯ ಔತಣದಲ್ಲಿ ದುಭಾಷಿಯಾಗಿ ಹೋಗಿದ್ದಾಗ ಕಂಡದ್ದು. ಓಂಗ್ ಫೋರ್ಕು ಚಾಕು ಹಿಡಿದು ದೊರೆಗಳಂತೆಯೇ ಊಟ ಮಾಡುತ್ತಿದ್ದ. ಇಡೀ ಮೀನು ಬಂದಿತು. ಮೇಲಿನ ಮಗ್ಗುಲು ತಿಂದು ಮುಗಿಸಿದ. ಆಮೇಲೆ ಮೀನನ್ನು ಮಗುಚಲಿಲ್ಲ. ನಡುವಿನ ಮುಳ್ಳನ್ನು ಬಲು ಜತನದಿಂದ ಎತ್ತಿ ತೆಗೆದು ಕೆಳಗಿನದನ್ನು ತಿಂದ. ಪಕ್ಕದವನು ಸಹಾಯಕ್ಕೆಂದು ತಟ್ಟೆಗೆ ಕೈ ಹಾಕಿದರೆ ಅವನ ಕೈಯನ್ನೇ ಹಿಡಿದುಕೊಂಡ.

ಅತ್ತೆ ಗಂಜಿಯ ಬಟ್ಟಲು ಕೆಳಗಿಟ್ಟಿದ್ದಳು. "ಪಟ್ಟಣದ ವರ್ತಕರ ಮಗ ಅಂತ ಹೇಳ್ಕೊಂಡು ತಿರುಗ್ತಾನಲ್ಲೇ ಅವನು! ಮೀನು ಮಗುಚಿದ್ರೆ ದೋಣಿ ಮಗುಚುತ್ತೆ ಅಂತ ಹೆದರೋದು ಬೆಸ್ತರ ಮನೆ ಮಕ್ಕಳು ಮಾತ್ರ." ಆಮೇಲೆ ಕೇಳಿದ್ದಳು: "ನಮ್ಮಮ್ಮ ನಿನಗೆ ಒಂದು ಕುರುಡು ಹಡಗಿನ ಕಥೆ ಹೇಳ್ತಿದ್ದಳಲ್ಲ, ಅದನ್ನ ಹೇಳು. ನಂಗೆ ಹೇಳೋವಾಗ ಅರ್ಧಕ್ಕೇ ನಿದ್ದೆ ಹೋಗಿಬಿಡ್ತಿದ್ದೆ."

ನಾನು ನಿದ್ದೆ ಹೋಗುತ್ತಿರಲಿಲ್ಲ. ನನ್ನಜ್ಜಿಯ ಕಥೆಗಳಲ್ಲಿ ಹಡಗಿಗೆ ಜೀವವಿರುತ್ತಿತ್ತು. ಕಣ್ಣು ಬಡಿಯುವಾಗ ಮೊಳೆಗಳಿಗೆ ಐದು ಬಣ್ಣದ ನೂಲು ಸುತ್ತುತ್ತಾರೆ. ಆ ನೂಲೇ ಅದರ ನರ. ಹಡಗು ನೀರಿಗಿಳಿಯುವ ತನಕ ಕಣ್ಣಿಗೆ ಕೆಂಪು ಬಟ್ಟೆ ಕಟ್ಟಿರುತ್ತಾರೆ. ಬಟ್ಟೆ ಬಿಚ್ಚಿದ ಕ್ಷಣ ಅದು ಲೋಕ ನೋಡುತ್ತದೆ. ಒಮ್ಮೆ ಕಣ್ಣು ತೆರೆದ ಹಡಗಿನ ಕಣ್ಣು ಕಿತ್ತವನು ಆ ಕಣ್ಣನ್ನು ಸುಡುವಂತಿಲ್ಲ, ಎಸೆಯುವಂತಿಲ್ಲ, ಬೇರೆ ಹಡಗಿಗೆ ಬಡಿಯುವಂತಿಲ್ಲ. ಕೆಂಪು ಬಟ್ಟೆಯಲ್ಲಿ ಸುತ್ತಿ ಕಡಲ ದೇವತೆ ಮಾಚೋ ತಾಯಿಯ ದೀಪದ ಕೆಳಗಿಟ್ಟು ಕಾಯಬೇಕು. ಇಲ್ಲದಿದ್ದರೆ ಕುರುಡು ಹಡಗು ತಡಕಾಡುತ್ತ ತಡಕಾಡುತ್ತ ನೆಲದ ಮೇಲೂ ನಡೆದು ಬಂದು, ಅವನ ಮನೆಯ ಬಾಗಿಲನ್ನು ಮೂತಿಯಿಂದ ಮುಟ್ಟಿ ಕೇಳುತ್ತದಂತೆ: ನನ್ನ ಕಣ್ಣು ಕೊಡು.

ಆ ಕಥೆ ಕೇಳಿದ ದಿನಗಳಲ್ಲಿ ಬಾಗಿಲು ಗಾಳಿಗೆ ಅಲುಗಿದರೂ ನಾನು ಅಜ್ಜಿಯ ತೋಳಿಗೆ ಅಂಟಿಕೊಳ್ಳುತ್ತಿದ್ದೆ. ಓಂಗ್‌ಗೂ ಒಬ್ಬಳು ಅಜ್ಜಿ ಇದ್ದಿರಲೇಬೇಕಲ್ಲವೇ?

ನಾನು ಮೆಟ್ಟಿಲು ಹತ್ತಿ ಗುಂಪಿನಂಚಿಗೆ ಓಡಿದೆ. ಅಲ್ಲಿ ಯಜಮಾನನ ಹೆಂಡತಿ, ಊರಿಗೆಲ್ಲ ತಾನ್ ದೊಡ್ಡಮ್ಮ, ಎದೆಗವುಚಿ ಹಿಡಿದಿದ್ದ ಗಂಟನ್ನು ನನಗೆ ಕೊಟ್ಟಳು.  "ಜೋಪಾನ ಕಣೆ," ಎಂದಳು ಪಿಸುಮಾತಿನಲ್ಲಿ.

ಕೆಂಪು ಬಟ್ಟೆಯ ಗಂಟು. ಒಳಗೆ ದುಂಡಗಿನ, ಗಟ್ಟಿಯಾದ ಎರಡು ವಸ್ತು.

ಅತ್ತೆ ಕೈ ಒರೆಸಿಕೊಂಡು ಒಲೆಯ ಪಕ್ಕ ಬಂದು ಕೂತಳು. ಗಂಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಇವತ್ತು ಬೆಳಿಗ್ಗೆ ಕಂಪನಿ ಗೋದಾಮಿನ ಹಿಂದೆ, ಕಸದ ರಾಶೀಲಿ ಸಿಕ್ತು. ಯಾರೋ ಪುಣ್ಯಾತ್ಮರು ಬಿಸಾಕಿದಾರೆ."

ಓಂಗ್‌ನ ನಗೆ ಬಾಯಿಯ ಮೇಲೆ ಹಾಗೆಯೇ ಒಣಗಿತು. ಅವನ ಕೈ ಸೊಂಟದ ಬೀಗದಕೈಗೆ ಹೋಯಿತು.

"ಆದ್ರೆ ಸಾಹೇಬ್ರು ಇದನ್ನೂ ನಂಬಲ್ಲ," ಎಂದು ಅತ್ತೆ ನಿಟ್ಟುಸಿರುಬಿಟ್ಟಳು. "ಗೆರೆ ಬಿತ್ತು, ಕಲೆ ಬಿತ್ತು ಅಂತ ಏನಾದ್ರೂ ಅಂತಾರೆ. ಉಪಯೋಗಕ್ಕೆ ಬಾರದ ಹಳೇ ಮರ. ಹೋಗ್ಲಿ, ಇನ್ನೊಂದು ಸುತ್ತು ನೀರಾದ್ರೂ ಕಾಯಿಸೋಣ."

ಗಂಟನ್ನು ಉರಿಯುವ ಕೆಂಡದ ಮೇಲಿಟ್ಟೇಬಿಟ್ಟಳು.

"ಬೇಡ!"

ಹುಲ್ಲಿನ ಟೋಪಿ ಒಂದು ಕಡೆ ಹಾರಿತು. ಬಿಳಿ ಸೂಟಿನ ಓಂಗ್ ಮೊಣಕಾಲೂರಿ ಬರಿಗೈಯನ್ನು ಕೆಂಡಕ್ಕೆ ಹಾಕಿ ಗಂಟನ್ನು ಎಳೆದುಕೊಂಡ. "ಮಾಚೋ ತಾಯಿ, ಮಾಚೋ ತಾಯಿ," ಎಂದು ಬಡಬಡಿಸುತ್ತ ಬಟ್ಟೆಗೆ ಹತ್ತಿದ ಕಿಡಿಗಳನ್ನು ಅಂಗೈಯಿಂದ ಬಡಿದ. ಆ ಕ್ಷಣ ಅವನ ಬಾಯಿಂದ ಬಂದದ್ದು ಪಟ್ಟಣದ ಮಾತಲ್ಲ, ಹೊರದ್ವೀಪಗಳ ಬೆಸ್ತರ ಮಾತು.

ಮೆಟ್ಟಿಲ ಮೇಲಿದ್ದವರೆಲ್ಲ ಎದ್ದು ನಿಂತರು.

"ಬಿಚ್ಚಿ ನೋಡಿ ದಣಿ," ಎಂದಳು ಅತ್ತೆ, ಮೆತ್ತಗೆ. "ಕೈ ಸುಟ್ಟುಕೊಂಡ್ರಲ್ಲ, ಏನಿದೆ ಅಂತಾದ್ರೂ ನೋಡಿ."

ಬಟ್ಟೆ ಜಾರಿತು. ಒಳಗಿದ್ದವು ಎರಡು ಮರದ ಅಚ್ಚುಗಳು. ಹಬ್ಬಕ್ಕೆ ದೇವರ ಮುಂದಿಡುವ, ಆಮೆಯ ಆಕಾರಕ್ಕೆ ಒತ್ತುವ ದೊಡ್ಡ ಆಮೆ ಕಡುಬಿನ ಅಚ್ಚುಗಳು. ತಾನ್ ದೊಡ್ಡಮ್ಮನ ಅಡಿಗೆಮನೆಯವು.

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಆಮೇಲೆ ಇಡೀ ಧಕ್ಕೆಯೇ ನಕ್ಕಿತು. "ದಣಿಗೆ ಕಡುಬಿನ ಮೇಲೆ ಎಷ್ಟು ಆಸೆ ನೋಡ್ರೋ!" ಎಂದನೊಬ್ಬ. "ಹಸಿವಾದ್ರೆ ಕೇಳಬಾರದಾ?" ಎಂದ ಮತ್ತೊಬ್ಬ. ಕೈಕೋಳದಲ್ಲಿದ್ದ ಯಜಮಾನನೂ ನಕ್ಕ.

ದೆಂಗ್ ಮಾತ್ರ ನಗಲಿಲ್ಲ. ಕೆಸರು ಮೆತ್ತಿದ ಬೂಟಿನಲ್ಲೇ ನಡೆದು ಬಂದು ಓಂಗ್‌ನ ಎದುರು ನಿಂತ. "ಗಂಟಲ್ಲಿ ಏನಿದೆ ಅಂತ ಅಂದ್ಕೊಂಡ್ರಿ, ಓಂಗ್?"

ಓಂಗ್ ಸುಟ್ಟ ಅಂಗೈಯನ್ನು ಊದಿಕೊಂಡ. 

"ಆ ಬೀಗದಕೈ ಎಲ್ಲಿಯದು?"

"ಗೋದಾಮಿನ ಮೇಲೆ ಅವರಿಗೊಂದು ಕೋಣೆ ಇದೆ," ಎಂದಳು ಅತ್ತೆ. "ಹಗಲೂ ಇರುಳೂ ಅಲ್ಲಿ ದೀಪ ಉರಿಯುತ್ತೆ ಅಂತ ಎದುರುಮನೆ ಹೆಂಗಸ್ರೆಲ್ಲ ಹೇಳ್ತಾರೆ. ಅಷ್ಟು ಭಕ್ತಿ ಯಾರ ಮೇಲೋ."

ದೆಂಗ್ ಸಿಪಾಯಿಗಳಿಗೆ ಕೈ ಬೀಸಿದ. ಅಷ್ಟರಲ್ಲಿ ಬಿಳಿ ಕೊಡೆ ಅಡ್ಡ ಬಂತು.

ಹಾರ್ಲ್ಯಾಂಡ್ ಹೇಳಿದ್ದನ್ನು ನಾನು ಒಂದೊಂದಾಗಿ ತಿರುಗಿಸಿದೆ. ಗೋದಾಮು ಕಂಪನಿಯ ಜಾಗ. ಒಪ್ಪಂದದ ಪ್ರಕಾರ ಅಲ್ಲಿ ನಿಮ್ಮ ಸಿಪಾಯಿ ಒಂದು ಹೆಜ್ಜೆಯೂ ಇಡುವಂತಿಲ್ಲ. ಇಟ್ಟರೆ ನಾಳೆ ಹೊರಬಂದರಿನಲ್ಲಿ ಯುದ್ಧನೌಕೆ ನಿಂತಿರುತ್ತದೆ.

ದೆಂಗ್‌ನ ಕೈ ಗಾಳಿಯಲ್ಲೇ ನಿಂತಿತು. ಆ ಒಪ್ಪಂದವಾದ ಎಂಬತ್ತು ವರ್ಷಗಳಿಂದ ನಮ್ಮ ಊರಿನ ಎಷ್ಟೋ ಕೈಗಳು ಹೀಗೆಯೇ ಗಾಳಿಯಲ್ಲಿ ನಿಂತಿವೆ. ಅವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಮೊದಲ ಬಾರಿಗೆ ಆ ಫೂಚೌ ಮನುಷ್ಯ ನಮ್ಮವನೆನಿಸಿದ.

ನೀರು ಹಡಗಿನ ಅಡಿಯನ್ನು ಮುಟ್ಟಿತು. ಮರ ನರಳಿತು.

ಆಗ ಕೇಳಿಸಿತು ಆ ಸದ್ದು. ಠಣ್.

ಮೇಲಿನ ಮೆಟ್ಟಿಲಿನಲ್ಲಿದ್ದ ಹಮಾಲನೊಬ್ಬ ಸರಕು ಹೊರುವ ತನ್ನ ಹೆಗಲ ಬಿದಿರನ್ನು ಕಲ್ಲಿನ ಮೇಲೆ ಇಳಿಸಿ ಅದರ ಮೇಲೆ ಕೂತ. ಅವನ ಪಕ್ಕದವನು ಇಳಿಸಿದ. ಠಣ್. ಅವನ ಕೆಳಗಿನವನು. ಠಣ್, ಠಣ್, ಠಣ್. ಕಂಪನಿಯ ಧಕ್ಕೆಯ ಕಡೆಯಿಂದಲೂ ಅದೇ ಸದ್ದು ಬಂತು. ಅದರಾಚೆಯ ಧಕ್ಕೆಯಿಂದಲೂ. ದಡದುದ್ದಕ್ಕೂ ಬಿದಿರುಗಳು ಕಲ್ಲಿಗಿಳಿದವು. ಕೊನೆಗೆ ಬಂದರಿನಲ್ಲಿ ಅಲೆಯ ಸದ್ದೊಂದೇ ಉಳಿಯಿತು.

ಹೊರಗೆ ಲಂಗರು ಹಾಕಿದ್ದ ಕಂಪನಿಯ ಹಬೆ ಹಡಗಿನಲ್ಲಿ ಮನಿಲಾದಿಂದ ಬಂದ ಬಾಳೆಹಣ್ಣು, ಮಾವಿನಹಣ್ಣು ಇಳಿಸುವವರಿಲ್ಲದೆ ಬಿಸಿಲಿಗೆ ಬೇಯುತ್ತಿದ್ದವು.

"ಸಿಯೊಕ್, ಅವರಿಗೆ ಹೇಳು," ಎಂದಳು ಅತ್ತೆ ನನಗೆ. ಅವಳ ದನಿ ಏರಿರಲಿಲ್ಲ. "ಸಿಪಾಯಿ ಹೋಗೋದು ಬೇಡ. ದೊರೆ ತಮ್ಮ ಜಾಗಕ್ಕೆ ತಾವೇ ಹೋಗಿ ಬರಲಿ. ಕೋಣೇಲಿ ಏನೂ ಇಲ್ಲಾಂದ್ರೆ ನಾನೇ ಹಮಾಲರ ಕಾಲು ಹಿಡಿದು ಎಬ್ಬಿಸ್ತೀನಿ. ಅಲ್ಲೀ ತನಕ ಹಣ್ಣಿನ ಪರಿಮಳ ಚೆನ್ನಾಗಿರುತ್ತೆ."

ಹಾರ್ಲ್ಯಾಂಡ್ ದಡದುದ್ದಕ್ಕೂ ನೋಡಿದ. ಹಬೆ ಹಡಗಿನ ಕಡೆ ನೋಡಿದ. ಆಮೇಲೆ ತನ್ನ ದಲ್ಲಾಳಿಯ ಸುಟ್ಟ ಕೈಯನ್ನು, ಏನೋ ಹೊಸದನ್ನು ಕಂಡವನಂತೆ, ಬಹಳ ಹೊತ್ತು ನೋಡಿದ. ಕೊಡೆ ಮಡಚಿ ಅವನ ಮುಂದೆ ಕೈ ಚಾಚಿದ.

ಓಂಗ್ ಬೀಗದಕೈ ಬಿಚ್ಚಿಕೊಟ್ಟ.

ಕೋಣೆಗೆ ಹಾರ್ಲ್ಯಾಂಡ್ ಜೊತೆ ನಾನೇ ಹೋದೆ. ಕಿಟಕಿ ಮುಚ್ಚಿದ ಪುಟ್ಟ ಕೋಣೆ. ಗೂಡಿನಲ್ಲಿ ಮಾಚೋ ತಾಯಿಯ ಕಪ್ಪು ಮುಖ, ಅವಳ ಮುಂದೆ ಎಣ್ಣೆ ದೀಪ, ದೀಪದಡಿಯಲ್ಲಿ ಕೆಂಪು ಗಂಟು. ಅದರ ಮೇಲೆ ಆ ದಿನದ ಹೂವಿತ್ತು. ಊರನ್ನೆಲ್ಲ ಮಾರಿದವನು ಇಲ್ಲಿ ಮೊಣಕಾಲೂರಿ ಕ್ಷಮೆ ಕೇಳುತ್ತಿದ್ದನೆ? ದೊರೆ ಮುಖ ಆಚೆ ತಿರುಗಿಸಿದ. ನಾನು ತಾಯಿಗೆ ಕೈಮುಗಿದು ಗಂಟನ್ನು ಎತ್ತಿಕೊಂಡೆ.

ಅಂದುಕೊಂಡದ್ದಕ್ಕಿಂತ ಭಾರವಿತ್ತು. ಆಗ ಅದನ್ನು ಯೋಚಿಸುವಷ್ಟು ತಾಳ್ಮೆ ನನಗಿರಲಿಲ್ಲ.

ಧಕ್ಕೆಯಲ್ಲಿ ದೆಂಗ್ ತಾನೇ ಗಂಟಿನ ಮೇಲಿನ ಮಡಿಕೆ ಬಿಚ್ಚಿದ. ಎರಡು ಹಳೆಯ ಕಣ್ಣುಗಳು, ಕಪ್ಪು ಗುಡ್ಡೆ ಕೆಳಮುಖ. ಸೊಂಟದ ತನಕ ನೀರಿಗಿಳಿದು ಒಂದನ್ನು ಆ ಬಿಳಿಚಿದ ವೃತ್ತಕ್ಕೆ ಹಿಡಿದ. ಕೂದಲಷ್ಟೂ ಹೆಚ್ಚುಕಡಿಮೆಯಾಗಲಿಲ್ಲ. ಮೂರು ತೂತಿಗೆ ಮೂರು ತೂತು. ಹಡಗು ಅದೇ ಕ್ಷಣ ಕೆಸರಿನಿಂದ ಮೇಲೆದ್ದು ಮೆಲ್ಲನೆ ತೂಗಿತು. ತನ್ನ ನೋಟ ಮರಳಿ ಸಿಕ್ಕಿತೆಂದು ತಲೆಯಾಡಿಸಿದಂತೆ ನನಗೆ ಕಂಡಿತು.

"ಬಿಚ್ರೋ ಕೋಳ!" ಎಂದು ದೆಂಗ್ ನೀರಿನಿಂದಲೇ ಕೂಗಿದ. "ಆ ಸೂಟಿನವನಿಗೆ ಹಾಕಿ!"

ಆಮೇಲಿನದನ್ನು ಹೇಗೆ ಹೇಳಲಿ! ಎಲ್ಲಿ ಬಚ್ಚಿಟ್ಟಿದ್ದರೋ, ಪಟಾಕಿ ಸರಗಳು ಸಿಡಿದವು. ಹಮಾಲರು ತಾನ್ ಯಜಮಾನನನ್ನು ಬಿದಿರುಗಳ ಮೇಲೆ ಕೂರಿಸಿಕೊಂಡು ಎತ್ತಿದರು. ಅವನು "ಇಳಿಸ್ರೋ, ಇಳಿಸ್ರೋ, ಕೋಟೆಗೇ ಹೆದರದವನನ್ನ ಇಲ್ಲಿ ಕೆಡವಿ ಕೊಲ್ಬೇಡಿ," ಎಂದು ಬೈಯುತ್ತ ಅಳುತ್ತಿದ್ದ. ದೋಣಿಗಳೆಲ್ಲ ತಮಟೆ ಬಾರಿಸಿದವು. ಧಕ್ಕೆಯ ತುದಿಯಲ್ಲಿ ಏರಿಸಲೆಂದು ತಂದಿದ್ದ ಕಂಪನಿಯ ಬಾವುಟವನ್ನು ಅದರ ಆಳು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಟ. ಹಾರ್ಲ್ಯಾಂಡ್ ಕೊಡೆ ಬಿಚ್ಚುವುದನ್ನೇ ಮರೆತು ಬಿಸಿಲಿನಲ್ಲಿ ನಡೆದುಹೋದ. ಅವನ ಹಿಂದೆ ಯಾರೋ ಕೂಗಿದರು: "ದೊರೆ, ಕೆಸರು ಜೋಕೆ!"

ಅದನ್ನು ನಾನು ಬಹಳ ಸಂತೋಷದಿಂದ ಇಂಗ್ಲಿಷಿಗೆ ತಿರುಗಿಸಿದೆ.

ಅತ್ತೆ ಒಲೆಯ ಮುಂದೆ ಕೂತು ಒಳ್ಳೆಯ ಚಹಾ ಮಾಡುತ್ತಿದ್ದಳು. ತಾನ್ ದೊಡ್ಡಮ್ಮ ಕಡುಬಿನ ಅಚ್ಚುಗಳ ಬೂದಿ ಒರೆಸಿಕೊಂಡು, ಓಂಗ್‌ನ ಕೋಣೆಯಿಂದ ತಂದು, ಖಾಲಿಯಾಯಿತೆಂದು ಅಲ್ಲೇ ಬಿಟ್ಟಿದ್ದ ಕೆಂಪು ಬಟ್ಟೆಯನ್ನು ಮಡಿಸಲೆಂದು ಎತ್ತಿದಳು.

"ಅಲ್ವೇ, ಇದು ಖಾಲಿ ಆಗಿಲ್ಲ," ಎಂದಳು. "ಒಳಮಡಿಕೇಲಿ ಇನ್ನೂ ಏನೋ ಇದೆ."

ಬಟ್ಟೆ ಬಿಚ್ಚಿದಳು. ಇನ್ನೆರಡು ಕಣ್ಣುಗಳು. ಇವು ಮೀನಿನ ಹಡಗಿನವಲ್ಲ. ಕಪ್ಪು ಗುಡ್ಡೆ ನೆಟ್ಟಗೆ ದೂರ ನೋಡುತ್ತಿತ್ತು. ಮೊಳೆಗಳಿಗೆ ಸುತ್ತಿದ ಐದು ಬಣ್ಣದ ನೂಲು ಮಾಸಿತ್ತು, ಆದರೆ ಹರಿದಿರಲಿಲ್ಲ.

ದೊಡ್ಡಮ್ಮ ನೂಲನ್ನು ಬೆರಳಿನಿಂದ ಮುಟ್ಟಿದಳು. "ನೀಲಿ ಸಾಲದೆ ಬಂದಾಗ ನನ್ನ ರವಿಕೆ ದಾರ ಬಿಚ್ಚಿ ಸುತ್ತಿದ್ದೆ," ಎಂದಳು, ತನಗೆ ತಾನೇ. "ಇದು ನಾನು ಸುತ್ತಿದ್ದು."

ಜನರ ಹೆಗಲಿನಿಂದ ಇಳಿದು ಬಂದ ಯಜಮಾನ ಒಂದು ಕಣ್ಣನ್ನು ಕೈಗೆತ್ತಿಕೊಂಡ. ಅಂಚಿನಲ್ಲಿ ಒಂದು ಚಿಕ್ಕ ಕಚ್ಚಿತ್ತು. "ಹಾಯ್-ಸೆಂಗ್ ಕೈಯಲ್ಲಿ ಉಳಿ ಜಾರಿತ್ತು," ಎಂದ.  "ನಾನು ಬೈದಿದ್ದೆ. ಸುನ್‌ಹಾಂಗ್... ನಮ್ಮ ಸುನ್‌ಹಾಂಗ್‌ನ ಕಣ್ಣು."

ಅತ್ತೆ ಮೊಳೆಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದೂ ಬಾಗಿರಲಿಲ್ಲ.

"ಬಿರುಗಾಳಿ ಕಿತ್ತಿದ್ದಲ್ಲ ಇದು. ಹಡಗನ್ನ ದಡಕ್ಕೆ ತಂದು, ಎಣ್ಣೆ ಬಿಟ್ಟು, ಉಸಿರು ಬಿಗಿಹಿಡಿದು ಬಿಡಿಸಿದಾರೆ." ಅವಳು ನಿಧಾನವಾಗಿ ಓಂಗ್‌ನ ಕಡೆ ತಿರುಗಿದಳು. "ಸುನ್‌ಹಾಂಗ್ ಮುಳುಗೇ ಇಲ್ಲ. ನಿಜವಾದ ಹಡಗು ಕೈಲಿಟ್ಕೊಂಡು, ಸುಳ್ಳು ಹಡಗಿಗೆ ಬಣ್ಣ ಬಳೀಬೇಕಾದ್ರೆ... ನಿಜವಾದದ್ದನ್ನ ನಿಮಗೆ ಇಲ್ಲಿಗೆ ತರೋಕೆ ಆಗ್ಲಿಲ್ಲ. ಯಾಕೆ? ಅದು ಎಲ್ಲಿದೆ?"

ಓಂಗ್ ಕೈಕೋಳದಲ್ಲಿ ನಿಂತು ಅತ್ತೆಯನ್ನು ನೋಡಲಿಲ್ಲ. ದೊಡ್ಡಮ್ಮನ ಕೈಯಲ್ಲಿದ್ದ ಕಡುಬಿನ ಅಚ್ಚುಗಳನ್ನೇ ನೋಡುತ್ತಿದ್ದ. ಬಂಗಾರದ ಹಲ್ಲು ಮತ್ತೆ ಮಿನುಗಿತು.

"ನನ್ನನ್ನ ಕೋಟೆ ಗೋಡೆಗೆ ನಿಲ್ಲಿಸೋ ಮುಂಚೆ ಒಂದು ಮಾತು ಹೇಳಿಬಿಡ್ತೀನಿ, ದೊಡ್ಡಮ್ಮ," ಎಂದ. "ಈ ಸಲದ ಹೊಸವರ್ಷಕ್ಕೆ ನಿಮ್ಮ ಮಗ ನನ್ನನ್ನ ಕೇಳಿದ: ನಮ್ಮಮ್ಮ ಈಗಲೂ ಆಮೆ ಕಡುಬು ಮಾಡ್ತಾಳಾ?"

ದೊಡ್ಡಮ್ಮನ ಕೈಯಿಂದ ಅಚ್ಚುಗಳು ಕಲ್ಲಿನ ಮೇಲೆ ಬಿದ್ದವು.